ಹಿಂದಿರುಗಿಸಬಾರದ ಪೆನ್ನು

“ಊರೂರನ್ನೇ ಎತ್ತಿ ಬೇರೆ ಕಡೆ ಇಡೋದಕ್ಕೆ ಜಗತ್ತಿನ ನೆರವು ಕೇಳ್ತಿದ್ದೀರಿ, ಎರೋನಿ. ಸರಿ. ನಿಮ್ಮ ಸ್ವಂತ ತಾಯೀನ ಮಾತ್ರ ಯಾಕೆ ಇನ್ನೂ ನೀರಿನ ಪಕ್ಕದಲ್ಲೇ ಬಿಟ್ಟಿದ್ದೀರಿ?”

ಪ್ರಶ್ನೆ ಕೇಳಿ ಟೊರಿಕಾ ಸುಮ್ಮನಾದಳು.

ಅದೇ ಅವಳ ವಿದ್ಯೆ. ಫಿಜಿಯ ರಾಜಧಾನಿ ಸುವಾದ ಆ ಪುಟ್ಟ ಸ್ಟುಡಿಯೋದಲ್ಲಿ, ‘ಎದುರು ಕುರ್ಚಿ’ ಎಂಬ ಕಾರ್ಯಕ್ರಮದಲ್ಲಿ, ಆರು ವರ್ಷಗಳಿಂದ ಅವಳು ದೊಡ್ಡ ದೊಡ್ಡವರ ಬೆವರಿಳಿಸಿದ್ದು ಮಾತಿನಿಂದಲ್ಲ, ಮೌನದಿಂದ. ಪ್ರಧಾನಿಗಳು, ತೈಲ ಕಂಪನಿಯ ಒಡೆಯರು, ಸಾಗರದ ತಳ ಅಗೆಯಲು ಹೊರಟವರು... ಯಾರೇ ಆಗಲಿ, ಆ ಕುರ್ಚಿಯಲ್ಲಿ ಕೂತು, ಅವಳು ಏಳು ಎಣಿಸುವುದರೊಳಗೆ ಬಾಯಿ ಬಿಟ್ಟವರೇ. ಮಾತಿಗೆ ಸಂಬಳ ಪಡೆಯುವವರು ಊರು ತುಂಬ ಇದ್ದಾರೆ; ಸುಮ್ಮನಿರುವುದಕ್ಕೆ ಸಂಬಳ ಪಡೆಯುವವಳು ಇವಳೊಬ್ಬಳೇ ಎಂದು ಸ್ಟುಡಿಯೋದವರು ಆಡಿಕೊಳ್ಳುತ್ತಿದ್ದರು.

ಒಂದು... ಎರಡು... ಮೂರು...

ಎದುರಿಗಿದ್ದವನು ಮಾತಾಡಲಿಲ್ಲ.

ಎರೋನಿ ನಂಬಾರೊ. ಮೂವತ್ತೇಳು ವರ್ಷ. ಸಮುದ್ರ ಏರಿ ನೆಲ ಕಳೆದುಕೊಳ್ಳುತ್ತಿರುವ ಹನ್ನೊಂದು ದ್ವೀಪದೇಶಗಳ ಪರವಾಗಿ ಜಗತ್ತಿನ ಮುಂದೆ ವಾದ ಮಾಡುವ ಮುಖ್ಯಸ್ಥ. ಅಗಲ ಭುಜ, ಸೊಂಟಕ್ಕೆ ಸುತ್ತಿದ ಬೂದು ಸುಲು, ಹೂವಿನ ಅಂಗಿ. ಅವಳ ಕಣ್ಣಲ್ಲಿ ಕಣ್ಣಿಟ್ಟು, ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ದೋಣಿಗೆ ಕಾಯುವವನ ಹಾಗೆ ಕೂತಿದ್ದ.

ಎಂಟು... ಒಂಬತ್ತು... ಹದಿನೈದು...

ನೇರ ಪ್ರಸಾರ. ಟೊರಿಕಾಳ ಕಿವಿಯೊಳಗಿನ ಪುಟ್ಟ ಯಂತ್ರದಲ್ಲಿ ಡಂಕನ್ ಚೀರುತ್ತಿದ್ದ. ಡಂಕನ್ ಎಂದರೆ ಸಿಡ್ನಿಯ ಪಾಲುದಾರ ವಾಹಿನಿಯವನು. ಕಾರ್ಯಕ್ರಮವನ್ನು ಹೊರಜಗತ್ತಿಗೆ ತೋರಿಸುವವರು ಅವರೇ. “ಏನಾದ್ರೂ ಮಾತಾಡು ಟೊರಿಕಾ. ಜನ ಟೀವಿ ಕೆಟ್ಟಿದೆ ಅಂದ್ಕೋತಾರೆ.”

‘ಇವನಿಗೆ ನನ್ನ ವಿದ್ಯೆ ಗೊತ್ತಿದೆ... ಬೇಕಂತಲೇ ಮಾಡ್ತಿದ್ದಾನೆ. ಯಾಕೆ ಇವನ ಕಣ್ಣು ಇಷ್ಟು ಶಾಂತವಾಗಿದೆ? ಯಾಕೆ ನನಗೆ ದೃಷ್ಟಿ ತೆಗೆಯೋಕೆ ಆಗ್ತಿಲ್ಲ?’

ನಲವತ್ತೊಂದನೆಯ ಸೆಕೆಂಡಿಗೆ ಅವಳು ಸೋತಳು.

“ಉತ್ತರ ಇಲ್ವಾ?”

“ಇದೆ,” ಎಂದ ಎರೋನಿ. “ಹೇಳೋ ಹೊತ್ತು ಇನ್ನೂ ಬಂದಿಲ್ಲ. ಅಂದ ಹಾಗೆ, ನಿಮ್ಮೂರು ಯಾವುದು?”

“ಇಲ್ಲಿ ಪ್ರಶ್ನೆ ಕೇಳೋದು ನಾನು.”

“ಊರಿನ ಹೆಸರು ಹೇಳೋದಕ್ಕೂ ನಾಚಿಕೆನಾ?”

ಅವಳಿಗೆ ರೇಗಿತು. “ನಾಕೊರೊಸಾ.”

ಅಷ್ಟು ಹೊತ್ತು ಕಲ್ಲಿನಂತಿದ್ದವನ ಮುಖ ಒಮ್ಮೆಲೇ ಅರಳಿತು. “ನಾಕೊರೊಸಾ? ಅದಕ್ಕೇ. ಮೊದಲೇ ಹೇಳಬಾರದಿತ್ತಾ? ನಾನು ವೈನಿಮೋಲಿಯವನು ಕಣೇ.”

ಕ್ಯಾಮೆರಾದ ಹಿಂದಿದ್ದ ಮಣಿಗೆ ನಗು ತಡೆಯಲಾಗಲಿಲ್ಲ. ಮಣಿ ಎಂದರೆ ಸುಬ್ರಮಣಿ ಗೌಂಡರ್; ನಾಲ್ಕು ತಲೆಮಾರಿನ ಹಿಂದೆ ಭಾರತದಿಂದ ಕಬ್ಬಿನ ತೋಟಕ್ಕೆ ಬಂದವರ ವಂಶದವನು, ಸ್ಟುಡಿಯೋದ ಹಿರಿಯ. ಆ ಎರಡು ಊರಿನ ಹೆಸರು ಒಟ್ಟಿಗೆ ಕೇಳಿದರೆ ಫಿಜಿಯಲ್ಲಿ ಯಾರಿಗಾದರೂ ನಗು ಬರುತ್ತದೆ. ಎರಡೂ ಊರಿನ ಮೂಲಪುರುಷರು ಒಡಹುಟ್ಟಿದವರು. ಆದ್ದರಿಂದ ಆ ಊರವರು ಈ ಊರವರಿಗೆ ತೌವು. ತೌವು ಬೈದರೆ ಕೋಪ ಮಾಡಿಕೊಳ್ಳುವಂತಿಲ್ಲ, ತಿರುಗಿ ಬೈಯಬೇಕು. ತೌವು ನಿಮ್ಮ ವಸ್ತು ಎತ್ತಿಕೊಂಡರೆ ತಡೆಯುವಂತಿಲ್ಲ. ಎತ್ತಿಕೊಂಡದ್ದನ್ನು ಹಿಂದಿರುಗಿಸುವ ಪದ್ಧತಿಯಂತೂ ಇಲ್ಲವೇ ಇಲ್ಲ. ಹಿಂದಿರುಗಿಸಿದರೆ, ನೀನು ಇನ್ನು ನಮ್ಮವನಲ್ಲ ಎಂದ ಹಾಗೆ.

ಎರೋನಿ ಮುಂದೆ ಬಾಗಿ, ಅವಳ ಬೆರಳ ನಡುವಿದ್ದ ನೀಲಿ ಪೆನ್ನನ್ನು ಮೆಲ್ಲಗೆ ಎಳೆದುಕೊಂಡು ಜೇಬಿಗಿಟ್ಟ. ಇಡೀ ಶಾಂತಸಾಗರವೇ ನೋಡುತ್ತಿದ್ದ ನೇರ ಪ್ರಸಾರದಲ್ಲಿ.

ಪ್ರಸಾರ ಮುಗಿದ ಮೇಲೆ ಅವನು ಸ್ಟುಡಿಯೋದ ಬಾಗಿಲಿಗೆ ಬಂದು ನೋಡಿದರೆ, ಬಿಟ್ಟಿದ್ದ ಚಪ್ಪಲಿ ಇರಲಿಲ್ಲ. ಟೊರಿಕಾ ಅವುಗಳನ್ನು ಕೈಯಲ್ಲಿ ಹಿಡಿದು ತಲೆ ಎತ್ತಿಕೊಂಡು ಮೆಟ್ಟಿಲಿಳಿದು ಹೋಗಿದ್ದಳು. ಬಿಸಿ ರಸ್ತೆಯ ಮೇಲೆ ಕುಣಿಯುತ್ತ ಕಾರಿನತ್ತ ಓಡಿದ ಆ ಮಹಾ ಮುಖಂಡನನ್ನು ಮಣಿ ಕಣ್ಣಾರೆ ನೋಡಿದ.

* * *

ಪ್ರೀತಿ ಯಾವಾಗ ಶುರುವಾಯಿತು ಎಂದು ಕೇಳಿದರೆ ಟೊರಿಕಾ, ಗೊತ್ತಿಲ್ಲ ಅನ್ನುತ್ತಾಳೆ. ಸುಳ್ಳು. ಹದಿನೈದನೆಯ ಸೆಕೆಂಡಿಗೇ ಶುರುವಾಗಿತ್ತು.

ಆಮೇಲಿನ ಐದು ತಿಂಗಳು ಅವನು ಊರಲ್ಲಿದ್ದ ಶನಿವಾರಗಳಲ್ಲೆಲ್ಲ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ. ಅವಳು ಗೆಣಸು ಆರಿಸುವಾಗ ಹಿಂದಿನಿಂದ ಬಂದು, “ಕೊಳೆತದ್ದೇ ಆರಿಸ್ತಿದ್ದಾಳಲ್ಲ, ನಾಕೊರೊಸಾದವಳೇ ಇರಬೇಕು,” ಎನ್ನುತ್ತಿದ್ದ.

“ನನ್ನ ಪೆನ್ನೆಲ್ಲಿ?” ಎಂದು ಅವಳು ಕೇಳುತ್ತಿದ್ದಳು.

“ಇಲ್ಲೇ ಇದೆ. ಮೊನ್ನೆ ಜಿನೀವಾದಲ್ಲಿ ಇದರಲ್ಲೇ ಸಹಿ ಹಾಕಿದೆ. ಕದ್ದ ಪೆನ್ನು ಅಂತ ಅವರಿಗೇನು ಗೊತ್ತು. ನನ್ನ ಚಪ್ಪಲಿ?”

“ನಮ್ಮ ನಾಯಿಗೆ ಕೊಟ್ಟೆ. ಅದಕ್ಕೂ ಹಿಡಿಸಲಿಲ್ಲ.”

ನಿಜವಾಗಿ ಆ ಚಪ್ಪಲಿ ಅವಳ ಮಂಚದ ಕೆಳಗೆ, ಒರೆಸಿಟ್ಟ ಜೋಡಿಯಾಗಿ ಇತ್ತು. ಅವನು ದೂರದೇಶದ ಸಭೆಗಳಲ್ಲಿದ್ದಾಗ ಅವಳು ದಿನಕ್ಕೊಮ್ಮೆ ಬಗ್ಗಿ ನೋಡುತ್ತಿದ್ದಳು. ಬೈಗುಳ ಬಿಟ್ಟು ಬೇರೆ ಭಾಷೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ಬೈದಾಡುವುದು ಎಷ್ಟು ಸುಲಭವಾಗಿತ್ತೆಂದರೆ, ಒಂದು ಒಳ್ಳೆಯ ಮಾತು ಹೇಳುವುದೇ ಕಷ್ಟವಾಗಿಬಿಟ್ಟಿತ್ತು.

ಆರನೆಯ ತಿಂಗಳು ಸಿಡ್ನಿಯವರು ಒಂದು ವಿಶೇಷ ಕಂತು ಕೇಳಿದರು. ಮುಖಂಡನನ್ನು ಅವನ ಊರಲ್ಲೇ ಸಂದರ್ಶಿಸಬೇಕು. ಟೊರಿಕಾ, ಮಣಿ, ಎರೋನಿ ಮೂವರೂ ದೋಣಿಯಲ್ಲಿ ವೈನಿಮೋಲಿಗೆ ಹೋದರು.

ಅಲ್ಲಿ ಅವಳು ಅವನ ತಾಯಿ ಲಾವೆನಿಯಾಳನ್ನು ನೋಡಿದಳು. ಸಮುದ್ರ ಉಬ್ಬುವ ಹೊತ್ತಿಗೆ ಮುದುಕಿ ಚಾಪೆ ನೇಯುವುದನ್ನು ಬಿಟ್ಟು ಮನೆಯ ಹಿಂದೆ ಹೋಗಿ ನಿಂತಳು. ಅಲ್ಲಿ ಎರೋನಿಯ ಅಪ್ಪನ ಸಮಾಧಿ. ನೀರು ಬಂದು ಸಮಾಧಿಯ ಕಲ್ಲು ಮುಳುಗಿಸಿತು. ಲಾವೆನಿಯಾ ನೀರಿನಲ್ಲೇ ಮೊಣಕಾಲವರೆಗೆ ನಿಂತು, ಅದು ಇಳಿಯುವವರೆಗೆ ಕಾದು, ಕಲ್ಲಿನ ಮೇಲಿನ ಪಾಚಿಯನ್ನು ಕೈಯಿಂದ ಉಜ್ಜಿ ತೆಗೆದಳು. ದಿನಕ್ಕೆ ಎರಡು ಸಲವಂತೆ.

ಎರೋನಿ ಅತ್ತ ನೋಡಲಿಲ್ಲ. ಟೊರಿಕಾ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ‘ಕ್ಯಾಮೆರಾ ಮುಂದೆ ಹೇಗೆ ಕೇಳಿಬಿಟ್ಟೆ ಇದನ್ನ...’ ಎಂದುಕೊಂಡಳು.

ಸಂಜೆ ಊರವರೆಲ್ಲ ಯಂಗೋನಾ ಬೇರಿನ ಪಾನೀಯದ ಬಟ್ಟಲಿನ ಸುತ್ತ ಚಾಪೆ ಹಾಕಿ ಕೂತರು. ತೌವು ಊರಿನ ಹುಡುಗಿ ಬಂದಿದ್ದಾಳೆ ಎಂದ ಮೇಲೆ ಕೇಳಬೇಕೆ? ಮೊದಲ ಬಟ್ಟಲು ಮುಗಿಯುವ ಮುಂಚೆಯೇ ಹಾಸ್ಯ ಶುರುವಾಯಿತು.

“ನಿಮ್ಮೂರ ಮುಖಂಡ ಜಗತ್ತೆಲ್ಲ ತಿರುಗ್ತಾನೆ,” ಎಂದಳು ಟೊರಿಕಾ. “ದಾರಿ ತಿಳಿಯದೆ ತಿರುಗ್ತಿರೋದು ಅಂತ ನಮ್ಮೂರಲ್ಲಿ ಹೇಳ್ತಾರೆ.”

ಚಪ್ಪಾಳೆ ಬಿತ್ತು. ಎರೋನಿ ಬಟ್ಟಲು ಕೆಳಗಿಟ್ಟ. “ನಾಕೊರೊಸಾದವರನ್ನ ಸ್ಥಳಾಂತರ ಮಾಡೋದಕ್ಕೆ ನೆರವೂ ಬೇಡ, ಒಪ್ಪಂದವೂ ಬೇಡ. ಒಂದು ಮೀನಿನ ಡಬ್ಬಿ ತೋರಿಸಿ ಸಾಕು, ಅಜ್ಜ ಅಜ್ಜಿ ಸಮಾಧಿ ಎಲ್ಲ ಬಿಟ್ಟು ಓಡಿ ಬರ್ತಾರೆ.”

ಇಡೀ ಚಾವಡಿ ಹೊರಳಾಡಿ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಟೊರಿಕಾ. ಮಣಿಯ ಕ್ಯಾಮೆರಾ ಓಡುತ್ತಲೇ ಇತ್ತು.

* * *

ಸುವಾಕ್ಕೆ ಬಂದು ಅವಳು ಚಿತ್ರೀಕರಣವನ್ನೆಲ್ಲ ಸಿಡ್ನಿಗೆ ಕಳಿಸಿದಳು. ಒಪ್ಪಂದದ ಪ್ರಕಾರ ಜೊತೆಗೊಂದು ಟಿಪ್ಪಣಿ ಬರೆಯಬೇಕು. ಬರೆದಳು. ಎಲ್ಲಿ ಬೆಳಕು ಚೆನ್ನಾಗಿದೆ, ಎಲ್ಲಿ ಗಾಳಿಯ ಸದ್ದಿದೆ, ಸಮಾಧಿಯ ದೃಶ್ಯಕ್ಕೆ ಸಂಗೀತ ಹಾಕಬೇಡಿ... ಒಟ್ಟು ಮೂವತ್ತು ಸಾಲು. ಚಾವಡಿಯ ಭಾಗಕ್ಕೆ ‘ಊರವರ ಜೊತೆ ಮಾತುಕತೆ, ಅನುವಾದ ಕೆಳಗಿದೆ’ ಎಂದಷ್ಟೇ ಬರೆದಳು. ಇವರಿಬ್ಬರ ಊರುಗಳು ತೌವು ಎಂದು ಬರೆಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನೀರು ಒದ್ದೆ ಎಂದು ಯಾರಾದರೂ ಬರೆಯುತ್ತಾರೆಯೇ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದ ಮಾತಲ್ಲ, ಬರೆಯದೆ ಬಿಟ್ಟ ಮಾತೇ ಮನೆ ಮುರಿಯಿತು.

ಸೋಮವಾರ ಬೆಳಗ್ಗೆ ಸಿಡ್ನಿಯ ವಾಹಿನಿ ಹದಿನಾಲ್ಕು ಸೆಕೆಂಡಿನ ತುಣುಕು ಬಿತ್ತರಿಸಿತು. ಹಿಂದಿನ ಮಾತಿಲ್ಲ, ಮುಂದಿನ ನಗುವಿಲ್ಲ. ‘ಒಂದು ಮೀನಿನ ಡಬ್ಬಿ ತೋರಿಸಿ ಸಾಕು, ಸಮಾಧಿ ಬಿಟ್ಟು ಓಡಿ ಬರ್ತಾರೆ’ ಎನ್ನುವ ಎರೋನಿಯ ಮುಖ ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಅದು ಜಗತ್ತನ್ನೇ ಸುತ್ತಿತ್ತು. ಡಬ್ಬಿಯಲ್ಲೇ ಮುಗಿಯುವ ಕೆಲಸಕ್ಕೆ ನಾವೇಕೆ ನೆರವು ಕೊಡಬೇಕು ಎಂದು ಶ್ರೀಮಂತ ದೇಶವೊಂದರ ಮಂತ್ರಿ ನಕ್ಕ. ಆ ಹನ್ನೊಂದರಲ್ಲೇ ಸೇರಿದ ಉತ್ತರದ ಹವಳದ್ವೀಪಗಳ ನಾಯಕರಿಗೆ ಮೈಯೆಲ್ಲ ಉರಿಯಿತು. ಅವರಲ್ಲಿ ತೌವು ಎಂಬ ಪದ್ಧತಿ ಇಲ್ಲ. ಹಾಸ್ಯ ಎಂದು ಹೇಳಿದರೂ ಅದು ಅವರಿಗೆ ನುಣುಚಿಕೊಳ್ಳುವ ಮಾತಾಗಿ ಕೇಳಿತು. ಶುಕ್ರವಾರ ಸುವಾದಲ್ಲಿ ಹನ್ನೊಂದು ದೇಶಗಳ ನಾಯಕರು ಸೇರುವುದಿತ್ತು. ಎರೋನಿಯನ್ನು ಮುಖ್ಯಸ್ಥನ ಸ್ಥಾನದಿಂದ ತೆಗೆಯುವುದೇ ಮೊದಲ ವಿಷಯ ಎಂದು ಸುದ್ದಿ ಬಂತು. ಹದಿಮೂರು ವರ್ಷದ ದುಡಿಮೆ, ಹದಿನಾಲ್ಕು ಸೆಕೆಂಡಿಗೆ.

ಅವನು ಸ್ಟುಡಿಯೋಗೆ ಬಂದಾಗ ಟೊರಿಕಾ ಡಂಕನ್ ಜೊತೆ ಫೋನಿನಲ್ಲಿ ಜಗಳವಾಡಿ ಆಗಷ್ಟೇ ಇಟ್ಟಿದ್ದಳು. ‘ನೀನು ಬರೆದು ಕಳಿಸಿದ ಅನುವಾದವನ್ನೇ ಹಾಕಿದ್ದೇವೆ,’ ಎಂದಿದ್ದ ಅವನು. ಅದು ಸುಳ್ಳೂ ಆಗಿರಲಿಲ್ಲ.

ಎರೋನಿ ಬಾಗಿಲಲ್ಲೇ ನಿಂತ. ಕಣ್ಣು ಕೆಂಪಾಗಿದ್ದವು.

“ಒಂದೇ ಪ್ರಶ್ನೆ. ಆ ತುಣುಕು ಕಳಿಸಿದ್ದು ಯಾರು?”

“ನಾನೇ. ಆದ್ರೆ...”

“ಸಾಕು.”

“ಎರೋನಿ, ಪೂರ್ತಿ ಕೇಳು. ನಾನು ಕಳಿಸಿದ್ದು ಎಲ್ಲವನ್ನೂ. ಅವರು ಕತ್ತರಿಸ್ತಾರೆ ಅಂತ ನನಗೆ...”

“ಆರು ವರ್ಷದಿಂದ ಅವರ ಜೊತೆ ಕೆಲಸ ಮಾಡ್ತಿದ್ದೀರಿ. ಅವರು ಕತ್ತರಿಸ್ತಾರೆ ಅಂತ ನಿಮಗೆ ಗೊತ್ತಿರಲಿಲ್ವಾ?”

ನಿಮಗೆ. ಮೊದಲ ದಿನದ ನಂತರ ಅವನ ಬಾಯಲ್ಲಿ ಆ ಗೌರವ ಬಂದಿರಲಿಲ್ಲ.

“ನಾನು ನಿನ್ನನ್ನ ಮಾರಿಬಿಟ್ಟೆ ಅಂತ ನಿನಗನ್ನಿಸುತ್ತಾ?” ಎಂದಳು.

ಎರೋನಿ ಜೇಬಿನಿಂದ ನೀಲಿ ಪೆನ್ನು ತೆಗೆದು ಅವಳ ಮೇಜಿನ ಮೇಲೆ ಇಟ್ಟ. ಇಟ್ಟು ಹೊರಟುಹೋದ.

ಮಣಿ ಕ್ಯಾಮೆರಾ ಒರೆಸುತ್ತಿದ್ದವನು ಹಾಗೇ ಕಲ್ಲಾಗಿ ನಿಂತ. ಟೊರಿಕಾ ಆ ಪೆನ್ನನ್ನು ಮುಟ್ಟಲಿಲ್ಲ. ಸತ್ತವರ ಮನೆಯಿಂದ ಬಂದ ವಸ್ತುವನ್ನು ನೋಡುವ ಹಾಗೆ ದೂರದಿಂದ ನೋಡಿದಳು. ಆಮೇಲೆ ಕುಸಿದು ಕೂತು, ಆರು ವರ್ಷದಲ್ಲಿ ಯಾರ ಮುಂದೆಯೂ ಅಳದವಳು ಮಣಿಯ ಮುಂದೆ ಅತ್ತಳು.

* * *

ಸಿಡ್ನಿಯವರಿಗೆ ಇದು ಹಬ್ಬ. ಬುಧವಾರ ಸಂಜೆ ಆರಕ್ಕೆ ನೇರ ಪ್ರಸಾರ, ಎರೋನಿ ಮತ್ತೆ ಎದುರು ಕುರ್ಚಿಯಲ್ಲಿ, ಕೇಳುವವಳು ಟೊರಿಕಾ. ಅವನು ಒಪ್ಪಿದ. ಒಪ್ಪದಿದ್ದರೆ ತಪ್ಪೊಪ್ಪಿಕೊಂಡ ಹಾಗಾಗುತ್ತಿತ್ತು.

“ಎರಡೇ ಪ್ರಶ್ನೆ ಸಾಕು,” ಎಂದ ಡಂಕನ್ ಫೋನಿನಲ್ಲಿ. “ಕ್ಷಮೆ ಕೇಳ್ತೀರಾ, ರಾಜೀನಾಮೆ ಕೊಡ್ತೀರಾ. ಅವನಿಗೆ ತಪ್ಪಿಸಿಕೊಳ್ಳೋ ದಾರಿ ಕೊಡಬೇಡ. ಅಡ್ಡದಾರಿ ಹಿಡಿದ್ರೆ ನಮ್ಮ ಒಪ್ಪಂದ ಮುಗೀತು ಅಂತ ತಿಳ್ಕೋ.”

ಮಂಗಳವಾರ ಬೆಳಗ್ಗೆ ನಾಕೊರೊಸಾದಿಂದ ಅಜ್ಜಿಯ ಫೋನು ಬಂತು. ಉನಾಯ್ಸಿ, ಎಂಬತ್ತೊಂದು ವರ್ಷ, ಊರಿಗೆಲ್ಲ ‘ಬೂಬು’, ಎಂದರೆ ಅಜ್ಜಿ.

“ಏನೇ, ಆ ವೈನಿಮೋಲಿ ಹುಡುಗ ನಮಗೆ ಡಬ್ಬಿ ಕೊಡ್ತೀನಿ ಅಂದನಂತಲ್ಲ. ಎಲ್ಲಿ ನಮ್ಮ ಡಬ್ಬಿ?”

“ಬೂಬು, ನಗೋ ವಿಷಯ ಅಲ್ಲ ಇದು. ಅವನ ಬದುಕೇ ಹಾಳಾಗ್ತಿದೆ. ನನ್ನಿಂದ.”

“ಇಲ್ಲಿ ನಿನ್ನೆಯಿಂದ ಎಲ್ರೂ ನಗ್ತಿದ್ದೀವಿ. ನಮಗಾಗದ ಅವಮಾನ ಬೇರೆಯವರಿಗೆ ಯಾಕಾಯ್ತು?”

“ಅವರಿಗೆ ಅರ್ಥ ಆಗಲ್ಲ ಬೂಬು. ಅವನು... ಅವನು ನನ್ನ ಪೆನ್ನು ವಾಪಸ್ ಕೊಟ್ಟುಬಿಟ್ಟ.”

ಮುದುಕಿಯ ದನಿ ಬದಲಾಯಿತು.

“ವಾಪಸ್ ಕೊಟ್ನಾ? ಹಾಗಾದ್ರೆ ಅವನಿಗೆ ನಿಜಕ್ಕೂ ನೋವಾಗಿದೆ. ನೀನೇನು ಮಾಡ್ದೆ?”

“ಅತ್ತೆ.”

“ಅತ್ತಳಂತೆ. ಬೈದವನಿಗೆ ತಿರುಗಿ ಬೈಯದೆ ಅಳ್ತಾ ಕೂತ್ರೆ ತೌವು ಹೇಗಾಗ್ತೀಯ? ಅವನು ಬೈದ, ನೀನಿನ್ನೂ ಉತ್ತರ ಕೊಟ್ಟಿಲ್ಲ. ಅದಕ್ಕೇ ಆ ಮಾತು ಅರ್ಧದಲ್ಲೇ ನಿಂತಿದೆ. ಅರ್ಧ ಮಾತು ಯಾರ ಕೈಗೆ ಸಿಕ್ರೂ ಚೂರಿ ಕಣೇ. ನಾಳೆ ದೋಣೀಲಿ ಒಂದು ಸಾಮಾನು ಕಳಿಸ್ತೀನಿ. ಅವನ ಮುಂದೆ ಇಡು.”

ಬುಧವಾರ ಮಧ್ಯಾಹ್ನ ದೋಣಿಯವನು ಒಂದು ಪೊಟ್ಟಣ ತಂದುಕೊಟ್ಟ. ಬಿಚ್ಚಿ ನೋಡಿದರೆ ಧೂಳು ಹಿಡಿದ ಒಂದು ಮೀನಿನ ಡಬ್ಬಿ.

ಟೊರಿಕಾ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ‘ಇದನ್ನ ಇಟ್ಟರೆ ಅವನು ಎರಡೇ ಮಾಡಬಹುದು. ನನ್ನನ್ನ ತೌವು ಅಂತ ಒಪ್ಪಿ ತಿರುಗಿ ಬೈಯಬಹುದು. ಇಲ್ಲವೇ ಎದ್ದು ಹೋಗಬಹುದು. ಎದ್ದು ಹೋದ್ರೆ... ಇಡೀ ಜಗತ್ತಿನ ಮುಂದೆ ಅವನನ್ನ ಎರಡನೇ ಸಲ ಕೊಂದವಳು ನಾನೇ ಆಗ್ತೀನಿ.’

“ಮಣಿ ಅಣ್ಣ, ಏನು ಮಾಡ್ಲಿ?”

ಮಣಿ ಕನ್ನಡಕ ತೆಗೆದ. “ಮಗಳೇ, ಅವನು ಪೆನ್ನು ಕೊಟ್ಟ. ಚಪ್ಪಲಿ ಕೇಳಿದ್ನಾ?”

ಅವಳು ತಲೆ ಎತ್ತಿದಳು. ಇಲ್ಲ... ಕೇಳಿರಲಿಲ್ಲ.

* * *

ಸಂಜೆ ಆರು. ದೀಪಗಳು ಹತ್ತಿದವು.

ಅವನು ಬಿಳಿ ಅಂಗಿ ತೊಟ್ಟು ಬಂದಿದ್ದ. ಎರಡು ದಿನದಲ್ಲಿ ಕೆನ್ನೆ ಇಳಿದಿತ್ತು. ಅವಳತ್ತ ನೋಡದೆ ಕೂತ.

“ಆ ಮಾತು ನಿಮ್ಮದೇನಾ?” ಟೊರಿಕಾ ಕೇಳಿದಳು.

“ನನ್ನದೇ.”

“ಕ್ಷಮೆ ಕೇಳ್ತೀರಾ?”

“ಉತ್ತರದ ದ್ವೀಪದವರಿಗೆ ನೋವಾಗಿದ್ರೆ ಅವರಲ್ಲಿ ಕೇಳ್ತೀನಿ. ನಾಕೊರೊಸಾದವರಲ್ಲಿ ಕೇಳಲ್ಲ. ಕೇಳಿದ್ರೆ ಅದೇ ಅವರಿಗೆ ಅವಮಾನ.”

ಕಿವಿಯಲ್ಲಿ ಡಂಕನ್: “ಬಿಡಬೇಡ. ರಾಜೀನಾಮೆ ಕೇಳು.”

ಟೊರಿಕಾ ಕಿವಿಯಿಂದ ಯಂತ್ರ ತೆಗೆದು ಮೇಜಿನ ಮೇಲಿಟ್ಟಳು. ಕ್ಯಾಮೆರಾದ ಕಡೆ ತಿರುಗಿದಳು.

“ಮುಂದಿನ ಪ್ರಶ್ನೆ ನನಗೇ. ಆ ತುಣುಕು ಹೊರಗೆ ಹೋಗಿದ್ದು ಹೇಗೆ? ಕಳಿಸಿದವಳು ನಾನು. ಮೂವತ್ತು ಸಾಲು ಟಿಪ್ಪಣಿ ಬರೆದೆ. ಇವರ ಊರಿನವರು, ನನ್ನ ಊರಿನವರು ಒಂದೇ ಬಳ್ಳಿಯವರು, ಒಬ್ಬರನ್ನೊಬ್ಬರು ಬೈದೇ ಪ್ರೀತಿ ತೋರಿಸೋರು ಅಂತ ಒಂದು ಸಾಲು ಬರೀಲಿಲ್ಲ. ಅವತ್ತು ಇವರು ಬೈದದ್ದು ನನ್ನನ್ನ. ನಾನು ಎದುರಿಗೇ ಕೂತು ನಕ್ಕಿದ್ದೆ. ಆ ನಗು ನೀವು ನೋಡಲಿಲ್ಲ. ತಪ್ಪು ಇವರದಲ್ಲ. ನನ್ನದು.”

ಎರೋನಿ ಮೊದಲ ಸಲ ಅವಳತ್ತ ನೋಡಿದ.

ಅವಳು ಕುರ್ಚಿಯ ಪಕ್ಕದಿಂದ ಡಬ್ಬಿ ತೆಗೆದು, ಇಬ್ಬರ ನಡುವಿನ ಮೇಜಿನ ಮೇಲೆ ಇಟ್ಟಳು.

“ನಮ್ಮ ಬೂಬು ಕಳಿಸಿದ್ದಾಳೆ. ನಾಕೊರೊಸಾದವರು ತುಂಬಿದ ಡಬ್ಬಿಗೆ ಓಡಿ ಬರೋದು ನಿಜವಂತೆ. ವೈನಿಮೋಲಿಯವರು ಖಾಲಿ ಡಬ್ಬಿ ಸದ್ದು ಕೇಳಿದ್ರೂ ಬರ್ತಾರಂತೆ. ನಿನಗೆ ತಲುಪಿಸು ಅಂದಳು.”

ಆಮೇಲೆ ಸುಮ್ಮನಾದಳು. ಈ ಸಲ ಅದು ವಿದ್ಯೆಯಾಗಿರಲಿಲ್ಲ. ಮಾತಾಡಲು ಅವಳಲ್ಲಿ ಉಸಿರೇ ಉಳಿದಿರಲಿಲ್ಲ.

ಏಳು... ಎಂಟು... ಹದಿನೈದು...

ಎರೋನಿ ಡಬ್ಬಿಯನ್ನೇ ನೋಡುತ್ತಿದ್ದ. ಮುಖದಲ್ಲಿ ಏನೂ ಇರಲಿಲ್ಲ.

ಇಪ್ಪತ್ತೆಂಟು... ಮೂವತ್ತು...

ಅವನ ಕೈ ಕುರ್ಚಿಯ ಹಿಡಿಯ ಮೇಲೆ ಬಿಗಿಯಾಯಿತು. ಏಳುವವನ ಹಾಗೆ ಮುಂದೆ ಸರಿದ. ಟೊರಿಕಾ ಕಣ್ಣು ಮುಚ್ಚಿಕೊಂಡಳು. ‘ಹೊರಟ... ಮುಗೀತು...’

ನಲವತ್ತು. ನಲವತ್ತೊಂದು. ನಲವತ್ತೆರಡು.

ಡಬ್ಬಿ ಮೇಜಿನ ಮೇಲೆ ಉಜ್ಜಿದ ಸದ್ದು. ಕಣ್ಣು ತೆರೆದರೆ, ಅವನು ಅದನ್ನು ಕೈಗೆತ್ತಿಕೊಂಡು ತಿರುಗಿಸಿ, ತಳದಲ್ಲಿ ಬರೆದದ್ದನ್ನು ಓದುತ್ತಿದ್ದ.

“ಇದರ ಅವಧಿ ಮುಗಿದು ಎರಡು ವರ್ಷ ಆಗಿದೆ,” ಎಂದ ಎರೋನಿ ನಿಧಾನವಾಗಿ. “ನೆಂಟರಿಗೆ ಕೊಡೋದಕ್ಕೆ ಅಂತಲೇ ಎತ್ತಿಟ್ಟಿದ್ರಾ? ಬೂಬುಗೆ ಹೇಳು. ನಿಮ್ಮೂರಿನ ಮರ್ಯಾದೆ ಥರಾನೇ ಇದೆ ಇದು, ಹೊರಗೆ ಹೊಳಪು, ಒಳಗೆ ನಾತ. ಆದ್ರೂ ತಗೋತೀನಿ. ತೌವು ಕೊಟ್ಟದ್ದನ್ನ ಬೇಡ ಅನ್ನೋ ಹಾಗಿಲ್ಲ.”

ಕ್ಯಾಮೆರಾ ಅಲುಗಾಡಿತು. ಮಣಿ ನಗುತ್ತಿದ್ದ, ಅಳುತ್ತಲೂ ಇದ್ದ. ಆ ಅಲುಗಾಟ ಹಾಗೇ ಜಗತ್ತಿಗೆಲ್ಲ ಕಾಣಿಸಿತು. ಟೊರಿಕಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಎರಡೂ ಕೆನ್ನೆ ಒದ್ದೆಯಾಗಿದ್ದವು. ಯಾವ ಟಿಪ್ಪಣಿಯೂ ಇಲ್ಲದೆ, ಯಾವ ಅನುವಾದವೂ ಇಲ್ಲದೆ, ನೋಡಿದವರಿಗೆಲ್ಲ ಆ ಹಾಸ್ಯ ಎಂಥದ್ದೆಂದು ತಿಳಿಯಿತು.

ನಗು ಇಳಿದ ಮೇಲೆ ಎರೋನಿ ಡಬ್ಬಿಯನ್ನು ಎದೆಗೆ ಹತ್ತಿರ ಹಿಡಿದುಕೊಂಡ.

“ಆರು ತಿಂಗಳ ಹಿಂದೆ ನೀನು ಒಂದು ಪ್ರಶ್ನೆ ಕೇಳಿದ್ದೆ. ಅಮ್ಮನನ್ನ ಯಾಕೆ ನೀರಿನ ಪಕ್ಕ ಬಿಟ್ಟಿದ್ದೀಯ ಅಂತ. ಹೇಳೋ ಹೊತ್ತು ಬಂದಿಲ್ಲ ಅಂದಿದ್ದೆ. ಸುಳ್ಳು. ಹೇಳೋ ಧೈರ್ಯ ಇರಲಿಲ್ಲ.” ಅವನು ತಡೆದ. “ನಾಲ್ಕು ಸಲ ಹೋಗಿ ಕರೆದೆ. ನಿನ್ನಪ್ಪ ಇಲ್ಲಿದ್ದಾನೆ, ಅವನ ಮುಖ ತೊಳೆಯೋರು ಯಾರು ಅಂತಾಳೆ. ಜಗತ್ತಿನ ಮಂತ್ರಿಗಳ ಜೊತೆ ವಾದ ಮಾಡೋ ನನಗೆ ಆ ಒಂದು ಮಾತಿಗೆ ಉತ್ತರ ಗೊತ್ತಿಲ್ಲ. ಊರು ಎತ್ತಿಡಬಹುದು. ಸಮಾಧಿ ಎತ್ತಿಡೋದು ಹೇಗೆ? ಹದಿಮೂರು ವರ್ಷದಿಂದ ಎಲ್ಲ ಸಭೆಯಲ್ಲೂ ನಾನು ಕೇಳ್ತಿರೋದು ಇದೊಂದೇ. ಅವರು ನೆರವಿನ ಮಾತಾಡ್ತಾರೆ. ನಾನು ಅಮ್ಮನಿಗೆ ಏನು ಹೇಳಲಿ ಅಂತ ಕೇಳ್ತಿದ್ದೀನಿ.”

ಯಾರೂ ಎಣಿಸದ ಒಂದು ಮೌನ ಸ್ಟುಡಿಯೋದಲ್ಲಿ ಕೂತಿತು.

* * *

ಶುಕ್ರವಾರದ ಸಭೆಯಲ್ಲಿ ಮೊದಲು ಎದ್ದವರು ಉತ್ತರದ ಹವಳದ್ವೀಪದ ಹಿರಿಯ ನಾಯಕರು. ನಮ್ಮಲ್ಲಿ ಹೀಗೆ ಬೈಯುವ ಪದ್ಧತಿ ಇಲ್ಲ, ಆದರೆ ನಮ್ಮ ತಾಯಂದಿರೂ ಸಮಾಧಿ ಬಿಟ್ಟು ಬರುತ್ತಿಲ್ಲ. ಇವನೇ ಮಾತಾಡಲಿ ಎಂದು ಕೂತರು. ಎರೋನಿ ಸ್ಥಾನದಲ್ಲೇ ಉಳಿದ. ಸಿಡ್ನಿಯವರು ಹೇಳಿದಂತೆಯೇ ಪತ್ರ ಬರೆದು ಒಪ್ಪಂದ ಮುರಿದರು. ‘ಎದುರು ಕುರ್ಚಿ’ ಇನ್ನು ಮೇಲೆ ದ್ವೀಪಗಳಿಗಷ್ಟೇ ಕಾಣುತ್ತದೆ. ಟೊರಿಕಾ ಆ ಪತ್ರ ಓದಿ, ಮಡಚಿ, ಮಣಿಗೆ ಕ್ಯಾಮೆರಾ ಒರೆಸಲು ಕೊಟ್ಟಳು.

ಸಂಜೆ ಅವಳು ಕಡಲತಡಿಯ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಜೊತೆ ಹಳೆಯ ಚಪ್ಪಲಿ. ಕೂದಲ ಗಂಟಿನಲ್ಲಿ ನೀಲಿ ಪೆನ್ನು.

ಎರೋನಿ ಬಂದು ನಿಂತ. ಚಪ್ಪಲಿ ನೋಡಿದ. “ನಾಯಿ ತಿಂದಿತು ಅಂದಿದ್ದೆ.”

“ಹಿಡಿಸಲಿಲ್ಲ ಅಂದಿದ್ದೆ. ತಿಂದಿತು ಅನ್ನಲಿಲ್ಲ.”

“ವಾಪಸ್ ಕೊಡೋಕೆ ತಂದ್ಯಾ?” ಅವನ ದನಿಯಲ್ಲಿ ಸಣ್ಣ ಭಯವಿತ್ತು.

“ನಾನು ನಿನ್ನ ಥರ ಅಲ್ಲ. ತೋರಿಸೋಕೆ ತಂದೆ.”

ಅವನು ತಲೆ ತಗ್ಗಿಸಿದ. “ಅವತ್ತು ನಾನು ಪೂರ್ತಿ ಕೇಳಬೇಕಿತ್ತು. ಆ ಪೆನ್ನು ಮೇಜಿನ ಮೇಲಿಟ್ಟ ಕ್ಷಣದಿಂದ ನನ್ನ ಜೇಬು ಖಾಲಿ ಅಲ್ಲ, ನಾನೇ ಖಾಲಿ ಅನ್ನಿಸ್ತು.”

ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವನು ಕೂತು, ಕೈ ಚಾಚಿ, ಅವಳ ಕೂದಲಿನಿಂದ ಪೆನ್ನನ್ನು ಮೆಲ್ಲಗೆ ಎಳೆದುಕೊಂಡ. ಗಂಟು ಬಿಚ್ಚಿ ಕೂದಲು ಭುಜದ ಮೇಲೆ ಬಿತ್ತು.

“ಕೇಳದೇ ತಗೋತೀಯಾ?”

“ತೌವು ಕೇಳಬೇಕಾಗಿಲ್ಲ. ಆದ್ರೆ...” ಅವನು ಪೆನ್ನನ್ನು ಜೇಬಿಗಿಟ್ಟು, ಅವಳ ಕೈ ಹಿಡಿದ. “ಒಂದನ್ನ ಮಾತ್ರ ಕೇಳಿಯೇ ತಗೋಬೇಕು ಅಂತ ಅಮ್ಮ ಹೇಳಿದ್ದಾಳೆ. ನಿನ್ನನ್ನ. ಕೇಳ್ತಿದ್ದೀನಿ, ಟೊರಿಕಾ.”

ಅವಳು ಮಾತಾಡಲಿಲ್ಲ. ಅವನ ಕಣ್ಣಲ್ಲಿ ಕಣ್ಣಿಟ್ಟು ಕೂತಳು.

“ಎಣಿಸ್ತಿದ್ದೀಯಾ?” ಅವನು ಕೇಳಿದ.

“ಹೂಂ. ನಲವತ್ತೊಂದಕ್ಕೆ ಉತ್ತರ.”

“ಈಗ ಎಷ್ಟು?”

“ನಾಲ್ಕು.”

ದೊಡ್ಡ ದೊಡ್ಡವರೇ ಆ ಮೌನದ ಮುಂದೆ ಏಳಕ್ಕೆ ಸೋತಿದ್ದರು. ಟೊರಿಕಾ ಐದಕ್ಕೇ ಸೋತಳು.

“ತಗೋ,” ಎಂದಳು, ಅವನ ಭುಜಕ್ಕೆ ಹಣೆ ಇಟ್ಟು. “ವಾಪಸ್ ಮಾತ್ರ ಕೊಡಬೇಡ.”